ಕನ್ನಡಕದ ನಂಬರು ಮತ್ತು ಮನೆತನದ ಕಣ್ಣು

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸ್ವಾಗತ ಸಮಿತಿಯವರು ನನಗೆ ಕೊಟ್ಟ ವಿಷಯ ‘ನನ್ನ ಶಾಲಾ ದಿನಗಳು’. ಆದರೆ ಶಾಲಾ ದಿನಗಳ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡುವವರು ಈಗಾಗಲೇ ಮಾತಾಡಿದ್ದಾರೆ. ಹುಣಸೆಮರ ಬಂತು, ಗಂಟೆಯ ಬದಲಿಗೆ ತೂಗುಹಾಕಿದ್ದ ಕಂಬಿಯ ತುಂಡು ಬಂತು, ಗಣಿತದ ಮೇಷ್ಟ್ರ ಬೆತ್ತ ಮೂರು ಸಲ ಬಂತು. ಹಾಗಾಗಿ ಸಮಿತಿಯ ಒಪ್ಪಿಗೆ ಪಡೆದು ನಾನು ದಿನವೂ ಮಾಡುವ ಕೆಲಸದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. 1988ರಲ್ಲಿ ಇಲ್ಲಿಂದ ಎಸ್.ಎಸ್.ಎಲ್.ಸಿ. ಮುಗಿಸಿ ಹೋದವಳು ಈಗ ಕಣ್ಣಿನ ಡಾಕ್ಟರು. ಅದರಲ್ಲೂ ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲದ, ಅಂದರೆ ರೆಟಿನಾದ, ಡಾಕ್ಟರು. ಇವತ್ತಿನ ನನ್ನ ವಿಷಯ ದಪ್ಪ ಕನ್ನಡಕ. ನನ್ನ ಮೂಗಿನ ಮೇಲಿರುವುದನ್ನು ನೀವೇ ನೋಡುತ್ತಿದ್ದೀರಿ. ಎರಡೂ ಕಣ್ಣಿಗೆ ಮೈನಸ್ 9. ಈ ಶಾಲೆಯಲ್ಲಿ ನನ್ನನ್ನು ‘ಸೋಡಾಬುಡ್ಡಿ’ ಎಂದು ಕರೆಯುತ್ತಿದ್ದವರಲ್ಲಿ ಇಬ್ಬರು ಇದೇ ಸಭೆಯಲ್ಲಿದ್ದಾರೆ. ಅವರಿಗೂ ಈಗ ಓದಲು ಕನ್ನಡಕ ಬೇಕಾಗಿದೆ!

ನಂಬರು ಎಂದರೇನು ಎಂಬುದರಿಂದ ಶುರುಮಾಡೋಣ. ಹುಟ್ಟಿದ ಮಗುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಉದ್ದ ಇರುತ್ತದೆ. ದೊಡ್ಡವರಾಗುವ ಹೊತ್ತಿಗೆ ಅದು 23–24 ಮಿಲಿಮೀಟರ್ ಆಗಿ ನಿಲ್ಲಬೇಕು. ಕೆಲವರ ಕಣ್ಣು ಅಲ್ಲಿ ನಿಲ್ಲುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ಆಗ ಬೆಳಕು ಅಕ್ಷಿಪಟಲದ ಮೇಲೆ ಬಿದ್ದು ಚಿತ್ರ ಮೂಡುವ ಬದಲು ಅದಕ್ಕಿಂತ ಮುಂದೆಯೇ ಮೂಡಿಬಿಡುತ್ತದೆ. ಹತ್ತಿರದ್ದು ಕಾಣುತ್ತದೆ, ಕರಿಹಲಗೆ ಮಂಜಾಗುತ್ತದೆ. ಇದೇ ಸಮೀಪದೃಷ್ಟಿ. ಕಣ್ಣು ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ಸುಮಾರು ಎರಡೂವರೆ ನಂಬರು ಏರುತ್ತದೆ. ಮೈನಸ್ 6 ದಾಟಿದರೆ, ಅಥವಾ ಕಣ್ಣಿನ ಉದ್ದ 26 ಮಿಲಿಮೀಟರ್ ಮುಟ್ಟಿದರೆ, ಅದನ್ನು ತೀವ್ರ ಸಮೀಪದೃಷ್ಟಿ ಎನ್ನುತ್ತೇವೆ.

ಕನ್ನಡಕ ಹಾಕಿದರೆ ಕರಿಹಲಗೆ ಕಾಣುತ್ತದೆ. ಅಲ್ಲಿಗೆ ಕಥೆ ಮುಗಿಯಿತು ಎಂದು ಮನೆಯವರು ತಿಳಿಯುತ್ತಾರೆ. ಆದರೆ ಕನ್ನಡಕ ಸರಿಮಾಡುವುದು ಚಿತ್ರವನ್ನು, ಕಣ್ಣನ್ನಲ್ಲ. ಕಣ್ಣು ಉದ್ದವಾದದ್ದು ಉದ್ದವಾಗಿಯೇ ಇರುತ್ತದೆ.

ಜೋಳದ ರೊಟ್ಟಿ ತಟ್ಟುವುದನ್ನು ನೀವೆಲ್ಲ ನೋಡಿದ್ದೀರಿ. ಹಿಟ್ಟಿನ ಉಂಡೆ ಅಷ್ಟೇ ಇರುತ್ತದೆ. ತಟ್ಟಿ ತಟ್ಟಿ ದೊಡ್ಡದು ಮಾಡಿದಷ್ಟೂ ರೊಟ್ಟಿ ತೆಳ್ಳಗಾಗುತ್ತದೆ, ಮೊದಲು ಅಂಚು ಬಿರಿಯುತ್ತದೆ. ಉದ್ದವಾದ ಕಣ್ಣಿನಲ್ಲಿ ಅಕ್ಷಿಪಟಲಕ್ಕೆ ಆಗುವುದೂ ಹೆಚ್ಚುಕಡಿಮೆ ಇದೇ. ಅಂಚಿನಲ್ಲಿ ತೆಳುವಾದ ಕಡೆ ತೂತು ಬೀಳಬಹುದು, ಹರಿಯಬಹುದು. ಕಣ್ಣಿನ ಒಳಗೆ ತುಂಬಿಕೊಂಡಿರುವ ಲೋಳೆಯಂಥ ದ್ರವ ಆ ತೂತಿನ ಮೂಲಕ ಅಕ್ಷಿಪಟಲದ ಹಿಂದೆ ನುಗ್ಗಿ, ಗೋಡೆಯಿಂದ ಸುಣ್ಣದ ಹಕ್ಕಳೆ ಎದ್ದಂತೆ ಅದನ್ನು ಎಬ್ಬಿಸಿಬಿಡುತ್ತದೆ. ಇದಕ್ಕೆ ಅಕ್ಷಿಪಟಲ ಕಳಚುವುದು ಎನ್ನುತ್ತೇವೆ. ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ಕಣ್ಣು ಮಾತ್ರ ಹೋಗುತ್ತದೆ. ಮೈನಸ್ 3ಕ್ಕಿಂತ ಹೆಚ್ಚು ನಂಬರು ಇರುವವರಿಗೆ ಈ ಅಪಾಯ ಕನ್ನಡಕವಿಲ್ಲದವರಿಗಿಂತ ಸುಮಾರು ಹತ್ತು ಪಟ್ಟು ಎಂದು ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು.

ಅಂಚಿನ ಕಥೆ ಇದಾದರೆ ನಡುವಿನದು ಇನ್ನೊಂದು. ಅಕ್ಷರ ಓದಲು, ಮುಖ ಗುರುತಿಸಲು ಬಳಸುವ ನಟ್ಟನಡುವಿನ ಜಾಗ ಮ್ಯಾಕ್ಯುಲಾ. ಹಿಗ್ಗಿ ಹಿಗ್ಗಿ ಅದು ಸವೆಯಬಹುದು. ಇಲ್ಲವೇ ಅದರ ಕೆಳಗೆ ಹೊಸ ರಕ್ತನಾಳಗಳು ಹುಟ್ಟಿ ಸೋರಬಹುದು. ಆಗ ನೇರ ಗೆರೆ ಸೊಟ್ಟ ಕಾಣುತ್ತದೆ. ಕಣ್ಣಿನ ನರ ಸಾಯುವ ಗ್ಲಾಕೋಮಾ ಕೂಡ ಇವರಲ್ಲಿ ಹೆಚ್ಚು. ನೆದರ್‌ಲ್ಯಾಂಡ್ಸಿನಲ್ಲಿ ಸಾವಿರಾರು ಜನರ ಕಣ್ಣಿನ ಉದ್ದ ಅಳೆದು, 75ನೆಯ ವಯಸ್ಸಿಗೆ ಎಷ್ಟು ಮಂದಿಯ ದೃಷ್ಟಿ ಕುಂದಿರುತ್ತದೆ ಎಂದು ಲೆಕ್ಕ ಹಾಕಿ 2016ರಲ್ಲಿ ಪ್ರಕಟಿಸಿದರು. 24ರಿಂದ 26 ಮಿಲಿಮೀಟರ್ ಕಣ್ಣಿನವರಲ್ಲಿ ನೂರಕ್ಕೆ ನಾಲ್ಕರಷ್ಟು. 30 ಮಿಲಿಮೀಟರ್ ದಾಟಿದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು. ಆರು ಮಿಲಿಮೀಟರ್ ಎಂದರೆ ಎಷ್ಟು? ನಿಮ್ಮ ಪೆನ್ಸಿಲ್ಲಿನ ದಪ್ಪ.

ಇಲ್ಲಿರುವ ಹಿರಿಯರಲ್ಲಿ ಹಲವರಿಗೆ ಬೀಳಗಿಯ ಡಾ. ಎಂ. ಸಿ. ಮೋದಿಯವರ ಕಣ್ಣಿನ ಶಿಬಿರಗಳ ನೆನಪಿರುತ್ತದೆ. ಸಾಲಾಗಿ ಮಲಗಿಸಿ ಪೊರೆ ತೆಗೆದು ಜನರಿಗೆ ಬೆಳಕು ಕೊಟ್ಟ ಮಹಾನುಭಾವರು. ಆ ಪುಣ್ಯದ ಕೆಲಸದಿಂದ ನಮ್ಮ ಜನರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ: ಕಣ್ಣು ಹೋದರೆ ಆಪರೇಷನ್ ಮಾಡಿಸಿದರೆ ಬರುತ್ತದೆ. ಪೊರೆಯ ಮಟ್ಟಿಗೆ ನಿಜ. ಪೊರೆ ಹತ್ತು ವರ್ಷ ಕಾಯುತ್ತದೆ. ಅಕ್ಷಿಪಟಲ ಹತ್ತು ದಿನವೂ ಕಾಯುವುದಿಲ್ಲ.

ಹಾಗಾದರೆ ದಪ್ಪ ಕನ್ನಡಕದವರೆಲ್ಲ ಕುರುಡರಾಗುತ್ತಾರೆಯೇ? ಖಂಡಿತ ಇಲ್ಲ. ಮೈನಸ್ 12 ಹಾಕಿಕೊಂಡು ಎಪ್ಪತ್ತರ ವಯಸ್ಸಿನಲ್ಲಿ ದಿನಪತ್ರಿಕೆ ಓದುವ ನಿವೃತ್ತ ಮೇಷ್ಟ್ರು ನನ್ನ ಬಳಿ ಬರುತ್ತಾರೆ. ಅದೇ ಮೈನಸ್ 12ರ ಹುಡುಗ ಇಪ್ಪತ್ತಕ್ಕೇ ಎರಡೂ ಕಣ್ಣು ಕಳಚಿಕೊಂಡು ಬರುತ್ತಾನೆ. ನಂಬರು ಒಂದೇ, ಕಣ್ಣಿನ ಹಣೆಬರಹ ಬೇರೆ. ಇದಕ್ಕೆ ಕಾರಣಗಳಲ್ಲಿ ಒಂದು ವಂಶವಾಹಿ, ನೀವು ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಮೆಂಡಲನ ಬಟಾಣಿ ಗಿಡದ ಜೊತೆ ಓದುವ ಅದೇ ಜೀನ್.

ಜೀನ್ ಎಂದೊಡನೆ ಜನ ಕೇಳುವುದು, ‘ಹಾಗಾದರೆ ಇದು ತಂದೆತಾಯಿಯಿಂದ ಬರುವುದೋ, ಮೊಬೈಲ್‌ನಿಂದ ಬರುವುದೋ?’ ಎರಡೂ ಹೌದು. ಇಲ್ಲಿ ಎರಡು ಬಗೆಯ ಜೀನುಗಳನ್ನು ಬೇರೆಬೇರೆಯಾಗಿ ನೋಡಬೇಕು.

ಮೊದಲನೆಯ ಬಗೆ ಹನಿ ಹನಿಯಾಗಿ ಕೂಡುವಂಥದ್ದು. 2010ರಲ್ಲಿ ನೆದರ್‌ಲ್ಯಾಂಡ್ಸ್ ಮತ್ತು ಬ್ರಿಟನ್ನಿನ ಎರಡು ತಂಡಗಳು 15ನೆಯ ವರ್ಣತಂತುವಿನ ಮೇಲೆ ಎರಡು ಜಾಗಗಳನ್ನು ಗುರುತಿಸಿದವು. ಐದು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಜಾಲಾಡಿ 2020ರಲ್ಲಿ ಬಂದ ವರದಿಯ ಹೊತ್ತಿಗೆ ಇಂಥ ಜಾಗಗಳು ನಾನೂರು ದಾಟಿದ್ದವು. ಒಂದೊಂದರ ಪ್ರಭಾವವೂ ಅತ್ಯಲ್ಪ. ಇವುಗಳಲ್ಲಿ ಬಹಳಷ್ಟು ಕೆಲಸ ಮಾಡುವುದು ಅಕ್ಷಿಪಟಲಕ್ಕೆ ಬಿದ್ದ ಬೆಳಕಿನ ಸುದ್ದಿ ಕಣ್ಣಿನ ಗೋಡೆಗೆ ಮುಟ್ಟಿ, ‘ಬೆಳೆ’ ಅಥವಾ ‘ನಿಲ್ಲು’ ಎಂದು ಹೇಳುವ ದಾರಿಯಲ್ಲಿ. ಅಂದರೆ ಈ ಜೀನುಗಳು ಬೆಳಕಿಗೆ ಕಿವಿಗೊಡುವಂಥವು. ಅದಕ್ಕೇ ಸುತ್ತಲಿನ ಬದುಕು ಬದಲಾದರೆ ಇವುಗಳ ಫಲವೂ ಬದಲಾಗುತ್ತದೆ. ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ 19 ವರ್ಷದ ಹುಡುಗರ ಕಣ್ಣು ಪರೀಕ್ಷೆ ಮಾಡಿದಾಗ ನೂರಕ್ಕೆ 96 ಮಂದಿಗೆ ಸಮೀಪದೃಷ್ಟಿ, ನೂರಕ್ಕೆ 21 ಮಂದಿಗೆ ತೀವ್ರ ಸಮೀಪದೃಷ್ಟಿ ಇತ್ತು. ಅವರ ಅಜ್ಜಂದಿರಿಗೆ ಹೀಗಿರಲಿಲ್ಲ. ಎರಡು ತಲೆಮಾರಿನಲ್ಲಿ ಜೀನು ಬದಲಾಗುವುದಿಲ್ಲ. ಬದಲಾದದ್ದು ಓದು, ಟ್ಯೂಷನ್, ನಾಲ್ಕು ಗೋಡೆ. ನಮ್ಮಲ್ಲಿ ಇನ್ನೂ ಅಷ್ಟಾಗಿಲ್ಲ. ದೆಹಲಿಯ ಶಾಲಾ ಮಕ್ಕಳ ಬಗ್ಗೆ 2015ರಲ್ಲಿ ಬಂದ ಅಧ್ಯಯನದಲ್ಲಿ ನೂರಕ್ಕೆ 13 ಮಕ್ಕಳಿಗೆ ಸಮೀಪದೃಷ್ಟಿ ಕಂಡಿತ್ತು.

ಚೀನಾದ ಗುವಾಂಗ್‌ಝೌನಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಕೆಲವು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಬಯಲಿನಲ್ಲಿ ಒಂದು ಪಿರಿಯಡ್. ಅಷ್ಟೇ. ಮೂರು ವರ್ಷದ ನಂತರ ನೋಡಿದರೆ ಬಯಲಿಗೆ ಹೋದ ಮಕ್ಕಳಲ್ಲಿ ನೂರಕ್ಕೆ 30 ಮಂದಿಗೆ, ಉಳಿದವರಲ್ಲಿ ನೂರಕ್ಕೆ 39 ಮಂದಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು. ಹೊರಗಿನ ಬೆಳಕಿಗೆ ಅಕ್ಷಿಪಟಲದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಒಸರುತ್ತದೆ, ಅದು ಕಣ್ಣಿನ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ: ಎಸ್.ಎಸ್.ಎಲ್.ಸಿ. ಫಲಿತಾಂಶ ಏರಲಿ ಎಂದು ಆಟದ ಪಿರಿಯಡ್ ಕಸಿದುಕೊಳ್ಳುವ ಪದ್ಧತಿ ನಮ್ಮ ಜಿಲ್ಲೆಯ ಎಷ್ಟೋ ಶಾಲೆಗಳಲ್ಲಿದೆ. ಈ ಶಾಲೆಯ ಮೈದಾನ ಮೂರು ಎಕರೆ ಇದೆ. ಅದನ್ನು ಸಭೆ ಸಮಾರಂಭಕ್ಕೆ ಮಾತ್ರ ಮೀಸಲಿಡಬೇಡಿ.

ಎರಡನೆಯ ಬಗೆ ಒಂದೇ ಜೀನು, ಆದರೆ ಏಟು ದೊಡ್ಡದು. ಇಂಥವು ಅಪರೂಪ. ಆದರೆ ನನ್ನಂಥವರ ಬಳಿ ಚಿಕ್ಕ ವಯಸ್ಸಿಗೇ ಕಣ್ಣು ಕಳಕೊಂಡು ಬರುವವರಲ್ಲಿ ಇವು ಅಷ್ಟೇನೂ ಅಪರೂಪವಲ್ಲ. ಮೂರು ನಾಲ್ಕು ವರ್ಷದ ಮಗುವಿಗೇ ಮೈನಸ್ 8, ಮೈನಸ್ 10 ಇದ್ದರೆ ಅದು ಮೊಬೈಲಿನಿಂದ ಬಂದದ್ದಲ್ಲ. ಅಷ್ಟು ಓದುವುದಕ್ಕೆ, ನೋಡುವುದಕ್ಕೆ ಆ ಮಗುವಿಗೆ ಸಮಯವಾದರೂ ಎಲ್ಲಿ ಸಿಕ್ಕಿತ್ತು?

ಒಂದು ಮನೆತನದ ವಿಷಯ ಹೇಳುತ್ತೇನೆ. ಅವರ ಒಪ್ಪಿಗೆ ಇದೆ. ಗುರುತು ಸಿಗದಂತೆ ಊರು, ಹೆಸರು ಬಿಟ್ಟಿದ್ದೇನೆ.

ಒಂಬತ್ತನೆಯ ತರಗತಿಯ ಹುಡುಗಿಯನ್ನು ಅವಳ ತಂದೆ ಕರೆತಂದರು. ಬಂದದ್ದು ಕನ್ನಡಕ ಬದಲಿಸಲು. ನಂಬರು ಮೈನಸ್ 11. ಹುಡುಗಿಯ ಮಾತು ಸ್ವಲ್ಪ ಮೂಗಿನಿಂದ ಬರುತ್ತಿತ್ತು. ಹುಟ್ಟುವಾಗ ಅಂಗುಳ ಸೀಳಿತ್ತು, ಆಪರೇಷನ್ ಆಗಿತ್ತು. ಕಿವಿ ಸ್ವಲ್ಪ ಮಂದ. ಮೂಗಿನ ಸೇತುವೆ ಚಪ್ಪಟೆ. ಮೆಟ್ಟಿಲು ಹತ್ತಿದರೆ ಮೊಣಕಾಲು ನೋವು ಎಂದಳು, ಹದಿನಾಲ್ಕು ವರ್ಷಕ್ಕೆ! ಇವನ್ನೆಲ್ಲ ಬೇರೆಬೇರೆ ಡಾಕ್ಟರು ಬೇರೆಬೇರೆ ಕಾಲದಲ್ಲಿ ನೋಡಿದ್ದರು. ಒಟ್ಟಿಗೆ ಯಾರೂ ನೋಡಿರಲಿಲ್ಲ. ತಂದೆಗೆ ಒಂದು ಕಣ್ಣು ಇರಲಿಲ್ಲ.

‘ನಿಮ್ಮ ಕಣ್ಣಿಗೆ ಏನಾಯಿತು?’ ಎಂದು ಕೇಳಿದೆ.

‘ಚಿಕ್ಕವನಿದ್ದಾಗ ಬುಗುರಿ ಬಡಿದಿತ್ತು ಡಾಕ್ಟ್ರೇ. ಆಮೇಲೆ ಹತ್ತೊಂಬತ್ತಕ್ಕೆ ಹೋಯ್ತು.’

ಬುಗುರಿ ಬಡಿದದ್ದು ಎಂಟನೆಯ ವಯಸ್ಸಿಗೆ, ಕಣ್ಣು ಹೋದದ್ದು ಹತ್ತೊಂಬತ್ತಕ್ಕೆ. ಅವರ ತಾಯಿಯ ಬಗ್ಗೆ ಕೇಳಿದೆ. ಆಕೆಗೆ ಎರಡೂ ಕಣ್ಣು ಇರಲಿಲ್ಲ, ಹುತ್ತ ಅಗೆದದ್ದರಿಂದ ನಾಗದೋಷ. ತಂದೆಯ ಅಣ್ಣನಿಗೆ ಎತ್ತಿನ ಕೊಂಬು ತಗುಲಿದ್ದು. ಅತ್ತೆಯ ಮಗನಿಗೆ ದೀಪಾವಳಿಯ ಪಟಾಕಿ. ಒಂದು ಹಾಳೆ ತೆಗೆದುಕೊಂಡು ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಹಾಕಿ ಮನೆತನದ ಮರ ಬರೆದೆ. ಕಣ್ಣು ಹೋದವರಿಗೆ ಕಪ್ಪು ಬಳಿದೆ. ಮೂರು ತಲೆಮಾರಿನಲ್ಲಿ ನಾಲ್ಕು ಜನ. ಎಲ್ಲರದೂ ದಪ್ಪ ಕನ್ನಡಕ, ಇಲ್ಲವೇ ಕನ್ನಡಕವೇ ಕೊಳ್ಳಲಾಗದೆ ಕಣ್ಣು ಕಿರಿದು ಮಾಡಿ ನೋಡುವವರು. ನಾಲ್ಕು ಜನಕ್ಕೆ ನಾಲ್ಕು ಕಥೆ. ಆ ಹಾಳೆಯನ್ನು ಅವರ ಮುಂದಿಟ್ಟಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ.

ಇದಕ್ಕೆ ಸ್ಟಿಕ್ಲರ್ ಸಿಂಡ್ರೋಮ್ ಎಂದು ಹೆಸರು. ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾ. ಗುನ್ನಾರ್ ಸ್ಟಿಕ್ಲರ್ ಇಂಥದೇ ಒಂದು ಕುಟುಂಬವನ್ನು ನೋಡಿ 1965ರಲ್ಲಿ ಬರೆದರು. ಹೆಚ್ಚಿನವರಲ್ಲಿ ಕಾರಣ ಸಿಒಎಲ್2ಎ1 ಎಂಬ ಜೀನಿನ ದೋಷ. ಈ ಜೀನು ತಯಾರಿಸಬೇಕಾದ ಕೊಲಾಜೆನ್ ಎಂಬ ನಾರು ಕಣ್ಣಿನೊಳಗಿನ ಲೋಳೆಯಲ್ಲಿ, ಕೀಲಿನ ಮೃದ್ವಸ್ಥಿಯಲ್ಲಿ, ಕಿವಿಯ ಒಳಭಾಗದಲ್ಲಿ ಬೇಕಾಗುತ್ತದೆ. ಅದಕ್ಕೇ ಕಣ್ಣು, ಕೀಲು, ಕಿವಿ, ಅಂಗುಳ ಒಂದೇ ಮಾಲೆಯಲ್ಲಿ ಪೋಣಿಸಿಕೊಂಡಿವೆ. ತಂದೆತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಎರಡರಲ್ಲಿ ಒಂದು, ನಾಣ್ಯ ಚಿಮ್ಮಿದ ಹಾಗೆ. ಹುಡುಗ, ಹುಡುಗಿ ಎಂಬ ಭೇದವಿಲ್ಲ. ಇವರಲ್ಲಿ ಅಕ್ಷಿಪಟಲ ಹರಿಯುವುದು ಸಣ್ಣ ತೂತಾಗಿ ಅಲ್ಲ. ಎಷ್ಟೋ ಸಲ ಕಾಲು ಸುತ್ತಿಗಿಂತಲೂ ದೊಡ್ಡ ಹರಕು, ಬಟ್ಟೆ ಸೀಳಿದಂತೆ.

ಹುಡುಗಿಯ ಬಲಗಣ್ಣಿನ ಅಂಚಿನಲ್ಲಿ ಆಗಲೇ ಒಂದು ಹರಕು ಇತ್ತು. ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಅಂದೇ ಲೇಸರ್ ಹಾಕಿ ಸುತ್ತ ಬೇಲಿ ಕಟ್ಟಿದ ಹಾಗೆ ಭದ್ರ ಮಾಡಿದೆವು. ಇಂಗ್ಲೆಂಡಿನ ಕೇಂಬ್ರಿಜ್‌ನ ವೈದ್ಯರು ಇಂಥವರಲ್ಲಿ ಅಕ್ಷಿಪಟಲ ಹರಿಯುವ ಮೊದಲೇ ಅದರ ಅಂಚನ್ನು ಸುತ್ತಲೂ ಶೀತಚಿಕಿತ್ಸೆಯಿಂದ ಅಂಟಿಸಿ, ಮುಂದೆ ಕಳಚುವುದು ಬಹಳ ಕಡಿಮೆಯಾಯಿತೆಂದು ವರದಿ ಮಾಡಿದ್ದಾರೆ. ರಕ್ತವನ್ನು ಬೆಂಗಳೂರಿಗೆ ಕಳಿಸಿದೆವು. ಜೀನಿನ ದೋಷ ಖಚಿತವಾಯಿತು.

ನಿಜವಾದ ಕಷ್ಟ ಆಮೇಲೆ ಶುರುವಾಯಿತು. ಹುಡುಗಿಗೆ ಒಬ್ಬಳು ಅಕ್ಕ. ಮೈನಸ್ 4 ಅಷ್ಟೇ, ಅಂಗುಳ ಸರಿ, ಕಿವಿ ಸರಿ. ಅವಳ ಮದುವೆ ಗೊತ್ತಾಗಿತ್ತು. ಅವಳನ್ನೂ ನೋಡಬೇಕು ಎಂದೆ. ತಂದೆ ಕೈಮುಗಿದರು. ‘ಮದುವೆ ಆಗ್ಲಿ ಡಾಕ್ಟ್ರೇ, ಆಮೇಲೆ ಕರ್ಕೊಂಡು ಬರ್ತೀನಿ. ಈಗ ಆಸ್ಪತ್ರೆ ಅಂದ್ರೆ ಬೀಗರ ಕಿವಿಗೆ ಬೀಳುತ್ತೆ.’ ಅವರನ್ನು ದೂರಲು ನನಗೆ ಮನಸ್ಸು ಬರಲಿಲ್ಲ. ಆ ಮನುಷ್ಯ ಒಂದು ಕಣ್ಣಿಲ್ಲದೆ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದ್ದರು. ನಮ್ಮ ಸಮಾಜದಲ್ಲಿ ಹೆಣ್ಣಿನ ಕನ್ನಡಕವೇ ಒಂದು ಕುಂದು. ಇನ್ನು ರಕ್ತದಲ್ಲೇ ಇದೆ ಎಂದರೆ? ಆದರೂ ಆ ಹಾಳೆಯ ಮೇಲೆ ಅಕ್ಕನ ವೃತ್ತ ಖಾಲಿ ಇತ್ತು, ನನಗೆ ಅದೇ ಕಾಣುತ್ತಿತ್ತು. ನಿನ್ನ ಅಕ್ಕನಿಗೆ ಈ ಹಾಳೆ ತೋರಿಸು ಎಂದು ಹುಡುಗಿಯ ಕೈಗೇ ಅದರ ಪ್ರತಿ ಕೊಟ್ಟು ಕಳಿಸಿದೆ.

ಮದುವೆಗೆ ಎಂಟು ದಿನ ಇರುವಾಗ ಅಕ್ಕ ಒಬ್ಬಳೇ ಬಸ್ಸು ಹತ್ತಿ ಬಂದಳು. ಸೀರೆ ತರಲು ಪೇಟೆಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದಿದ್ದಳು. ಕಣ್ಣಿಗೆ ಹನಿ ಹಾಕಿ ಪಾಪೆ ಅಗಲಿಸಿ ನೋಡಿದರೆ ಲೋಳೆಯ ರಚನೆ ತಂಗಿಯದರಂತೆಯೇ. ನಂಬರು ಮೈನಸ್ 4 ಇದ್ದರೇನು, ಅಪಾಯ ಅದೇ. ಎರಡೂ ಕಣ್ಣಿಗೆ ಲೇಸರ್ ಆಯಿತು. ಮದುವೆಯೂ ಆಯಿತು. ಹುಡುಗನಿಗೆ ಅವಳೇ ಮುಂಚೆ ಹೇಳಿದ್ದಳಂತೆ. ಏನು ಹೇಳಿದಳು, ಅವನು ಏನೆಂದ ಎಂದು ನಾನು ಕೇಳಲು ಹೋಗಲಿಲ್ಲ. ಈಗ ಅವಳ ಎರಡು ವರ್ಷದ ಮಗನನ್ನು ಕರೆತರುತ್ತಾಳೆ. ಅವನಿಗೆ ಬಂದಿಲ್ಲ.

ಇಂಥ ಒಂಟಿ ಜೀನುಗಳು ಇನ್ನೂ ಹಲವಿವೆ. ಎತ್ತರದ ತೆಳು ಮೈಕಟ್ಟು, ಜೇಡನ ಕಾಲಿನಂಥ ಉದ್ದ ಬೆರಳು, ತೀವ್ರ ಸಮೀಪದೃಷ್ಟಿ, ಕಣ್ಣಿನ ಮಸೂರ ಜಾಗ ಬಿಟ್ಟು ಸರಿದಿರುವುದು ಕಂಡರೆ ಮಾರ್ಫಾನ್ ಸಿಂಡ್ರೋಮ್ ಇರಬಹುದು. ಅದರ ಜೀನು ಎಫ್‌ಬಿಎನ್1. ಇದನ್ನು ಕಣ್ಣಿನ ಡಾಕ್ಟರು ಮೊದಲು ಹಿಡಿದರೆ ಕಣ್ಣಿಗಿಂತ ಹೆಚ್ಚಾಗಿ ಪ್ರಾಣ ಉಳಿಯುತ್ತದೆ, ಯಾಕೆಂದರೆ ಹೃದಯದಿಂದ ಹೊರಡುವ ಮಹಾಧಮನಿ ಹಿಗ್ಗಿ ಒಡೆಯುವ ಅಪಾಯ ಇವರಿಗಿದೆ. ದಪ್ಪ ಕನ್ನಡಕದ ಮಗು ಸಂಜೆಯಾದರೆ ತಡವರಿಸುತ್ತದೆ, ದೀಪ ಹೋದರೆ ತಾಯಿಯ ಸೆರಗು ಬಿಡುವುದಿಲ್ಲ ಎಂದರೆ ಅದು ಬರೀ ಸಮೀಪದೃಷ್ಟಿಯಲ್ಲ, ಇರುಳುಗುರುಡಿನ ಜೀನು ಇರಬಹುದು. ಅದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಇಳಿಯುವುದು ಹೆಚ್ಚು. ವಿಚಿತ್ರವೆಂದರೆ ಇದಕ್ಕೆ ತದ್ವಿರುದ್ಧವಾದ ಇನ್ನೊಂದಿದೆ: ಎಆರ್‌ಆರ್3 ಎಂಬ ಜೀನಿನ ದೋಷ ಇದ್ದರೆ ಹೆಣ್ಣುಮಕ್ಕಳಿಗೆ ಚಿಕ್ಕಂದಿನಲ್ಲೇ ತೀವ್ರ ಸಮೀಪದೃಷ್ಟಿ ಬರುತ್ತದೆ, ಗಂಡಸರಿಗೆ ಬರುವುದಿಲ್ಲ. ತಂದೆ ಕನ್ನಡಕವಿಲ್ಲದೆ ಓಡಾಡುತ್ತಲೇ ಅದನ್ನು ಮಗಳಿಗೆ ದಾಟಿಸಿರುತ್ತಾನೆ. ಸೊಸೆಯ ತವರಿನಿಂದ ಬಂದ ದೋಷ ಎಂದು ಬೆರಳು ತೋರುವ ಅತ್ತೆಯಂದಿರು ಇದನ್ನು ಸ್ವಲ್ಪ ಗಮನಿಸಬೇಕು.

ಇನ್ನು ರಕ್ತಸಂಬಂಧದ ಮದುವೆ. ಇದನ್ನು ಹೇಳಿದರೆ ಕೆಲವರಿಗೆ ಕೋಪ ಬರುತ್ತದೆ, ಆದರೂ ಹೇಳಬೇಕು. ಕರ್ನಾಟಕದಲ್ಲಿ ನಾಲ್ಕು ಮದುವೆಗಳಲ್ಲಿ ಒಂದರಷ್ಟು ಹತ್ತಿರದ ಸಂಬಂಧದಲ್ಲೇ ಆಗುತ್ತವೆ. ಅಕ್ಕನ ಮಗಳು, ಸೋದರತ್ತೆಯ ಮಗ. ಕೆಲವು ಜೀನುಗಳ ದೋಷ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಪ್ರತಿ ಬಂದಾಗ ಮಾತ್ರ ಕಾಯಿಲೆಯಾಗುತ್ತದೆ. ಒಂದೇ ಪ್ರತಿ ಇದ್ದವರಿಗೆ ಏನೂ ಆಗದು, ಗೊತ್ತೂ ಆಗದು. ಒಂದೇ ಅಜ್ಜನಿಂದ ಬಂದವರು ಮದುವೆಯಾದರೆ ಇಬ್ಬರ ಬಳಿಯೂ ಅದೇ ಪ್ರತಿ ಇರುವ ಸಂಭವ ಹೆಚ್ಚುತ್ತದೆ. ಸೋದರಮಾವನನ್ನು ಮದುವೆಯಾದವರ ಮಗುವಿನಲ್ಲಿ ಎಂಟರಲ್ಲಿ ಒಂದು ಪಾಲು ಜೀನುಗಳು ಹೀಗೆ ಎರಡೂ ಒಂದೇ ಮೂಲದವಾಗಿರುತ್ತವೆ. ತಲೆಯ ಹಿಂಭಾಗದ ಎಲುಬಿನಲ್ಲಿ ದೋಷ, ವಿಪರೀತ ನಂಬರು, ಬಾಲ್ಯದಲ್ಲೇ ಅಕ್ಷಿಪಟಲ ಕಳಚುವುದು, ಇವು ಕೂಡಿರುವ ನಾಬ್ಲಾಕ್ ಸಿಂಡ್ರೋಮ್ ಈ ಬಗೆಯದು. ಆದ ಮದುವೆಯನ್ನು ನಾನು ತಪ್ಪು ಎನ್ನುವುದಿಲ್ಲ. ಅಂಥ ಬಹುಪಾಲು ದಂಪತಿಗಳ ಮಕ್ಕಳು ಚೆನ್ನಾಗಿಯೇ ಇದ್ದಾರೆ. ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಕಣ್ಣು ಹೋದವರಿದ್ದೂ ಮತ್ತೆ ಅದೇ ಮನೆತನದೊಳಗೆ ಸಂಬಂಧ ಬೆಳೆಸುವ ಮುನ್ನ ಒಮ್ಮೆ ವಿಚಾರಿಸಿ ಎಂದಷ್ಟೇ ನನ್ನ ಮಾತು.

ಒಂಟಿ ಜೀನು ಇಲ್ಲದ ಸಾಮಾನ್ಯ ತೀವ್ರ ಸಮೀಪದೃಷ್ಟಿಯಲ್ಲೂ ಯಾರ ಮ್ಯಾಕ್ಯುಲಾ ಕೆಡುತ್ತದೆ, ಯಾರದು ಉಳಿಯುತ್ತದೆ ಎಂಬುದರಲ್ಲಿ ಜೀನಿನ ಕೈ ಇದೆಯೆಂದು ಜಪಾನಿನವರು ತೋರಿಸಿದರು. 2018ರಲ್ಲಿ ಕ್ಯೋಟೋದ ಸಂಶೋಧಕರು ಸಿಸಿಡಿಸಿ102ಬಿ ಎಂಬ ಜೀನನ್ನು ಗುರುತಿಸಿದರು. ಇದರ ವಿಶೇಷವೇನೆಂದರೆ ಇದು ಕಣ್ಣನ್ನು ಉದ್ದ ಮಾಡುವ ಜೀನಲ್ಲ. ಉದ್ದವಾದ ಕಣ್ಣು ಸವೆಯುತ್ತದೋ ಇಲ್ಲವೋ ಎಂಬುದರ ಮೇಲೆ ಪ್ರಭಾವ ಬೀರುವ ಜೀನು. ನನ್ನ ಮಟ್ಟಿಗೆ ಈ ಹತ್ತು ವರ್ಷಗಳಲ್ಲಿ ಬಂದ ಮುಖ್ಯ ಸುದ್ದಿಗಳಲ್ಲಿ ಇದೊಂದು. ನಂಬರು ಬೇರೆ, ಅಪಾಯ ಬೇರೆ ಎಂದು ನಾವು ಅನುಭವದಿಂದ ಹೇಳುತ್ತಿದ್ದ ಮಾತಿಗೆ ಒಂದು ಆಧಾರ ಸಿಕ್ಕಿತು.

ಹಾಗೆಂದು ನಾಳೆಯೇ ಎಲ್ಲರೂ ಜೀನ್ ಪರೀಕ್ಷೆಗೆ ಓಡಬೇಡಿ. ಎಂಜಲು ಕಳಿಸಿದರೆ ಭವಿಷ್ಯ ಹೇಳುತ್ತೇವೆ ಎಂಬ ಜಾಹೀರಾತುಗಳು ಬರುತ್ತಿವೆ. ನೂರಾರು ಸಣ್ಣ ಜೀನುಗಳ ಲೆಕ್ಕ ಹಾಕಿ ನಿಮ್ಮ ಮಗುವಿನ ಕಣ್ಣು ಹೀಗೇ ಆಗುತ್ತದೆ ಎಂದು ಹೇಳುವಷ್ಟು ನಿಖರತೆ ಅದಕ್ಕಿಲ್ಲ. ಆ ದುಡ್ಡಿಗೆ ಒಳ್ಳೆಯ ಕನ್ನಡಕ ಬರುತ್ತದೆ. ಆದರೆ ಐದಾರು ವರ್ಷದೊಳಗೇ ದೊಡ್ಡ ನಂಬರು, ಜೊತೆಗೆ ಕಿವಿ, ಕೀಲು, ಅಂಗುಳ, ಇರುಳುಗುರುಡು, ಮಸೂರ ಸರಿದಿರುವುದು, ಇಲ್ಲವೇ ಮನೆಯಲ್ಲಿ ಹಲವರಿಗೆ ಚಿಕ್ಕ ವಯಸ್ಸಿಗೆ ಕಣ್ಣು ಹೋದದ್ದು, ಇಂಥ ಕಡೆ ಜೀನ್ ಪರೀಕ್ಷೆಗೆ ಅರ್ಥವಿದೆ. ಅದಕ್ಕೂ ಮೊದಲು ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಮಕ್ಕಳೇ, ಇದು ನಿಮಗೆ ನಾನು ಕೊಡುವ ಮನೆಗೆಲಸ. ಇವತ್ತು ಮನೆಗೆ ಹೋಗಿ ಅಜ್ಜಿಯ ಹತ್ತಿರ ಕೂತು ಮೂರು ತಲೆಮಾರಿನ ಮರ ಬರೆಯಿರಿ. ಯಾರಿಗೆ ದಪ್ಪ ಕನ್ನಡಕ, ಯಾರಿಗೆ ಐವತ್ತರೊಳಗೆ ಕಣ್ಣು ಹೋಯಿತು, ಯಾಕೆ ಹೋಯಿತೆಂದು ಮನೆಯವರು ಹೇಳುತ್ತಾರೆ, ಆಗ ವಯಸ್ಸೆಷ್ಟು, ಎಲ್ಲ ಬರೆದುಕೊಳ್ಳಿ. ಅಜ್ಜಿ ಹೇಳುವ ಕಾರಣವನ್ನು ಅಲ್ಲಗಳೆಯಬೇಡಿ, ಬರೆದುಕೊಳ್ಳಿ ಅಷ್ಟೇ.

ಲೇಸಿಕ್ ಮಾಡಿಸಿಕೊಂಡರೆ ಎಲ್ಲ ಸರಿಹೋಗುತ್ತದಲ್ಲ ಎಂದು ಹೆಣ್ಣುಮಕ್ಕಳ ತಂದೆತಾಯಿಗಳು ಕೇಳುತ್ತಾರೆ. ಲೇಸಿಕ್ ಕೆತ್ತುವುದು ಕಣ್ಣಿನ ಮುಂದಿನ ಗಾಜನ್ನು. ಕನ್ನಡಕ ಹೋಗುತ್ತದೆ, ಉದ್ದ ಹೋಗುವುದಿಲ್ಲ, ತೆಳುವಾದ ಅಕ್ಷಿಪಟಲ ದಪ್ಪವಾಗುವುದಿಲ್ಲ. ಕೆಟ್ಟದ್ದೇನೆಂದರೆ ಕನ್ನಡಕ ಹೋದ ಮೇಲೆ ತಪಾಸಣೆಗೆ ಬರುವುದೂ ಹೋಗುತ್ತದೆ. ನಂಬರು ಹೆಚ್ಚಿದ್ದವಳಿಗೆ ಸಹಜ ಹೆರಿಗೆ ಆಗಬಾರದು, ಮುಕ್ಕಿದರೆ ಕಣ್ಣು ಹೋಗುತ್ತದೆ ಎಂಬುದು ಇನ್ನೊಂದು ಹೆದರಿಕೆ. ಅದಕ್ಕೆ ಆಧಾರವಿಲ್ಲ, ಬರೀ ನಂಬರಿಗಾಗಿ ಸಿಸೇರಿಯನ್ ಬೇಕಿಲ್ಲ. ಕನ್ನಡಕ ಹಾಕಿದರೆ ನಂಬರು ಏರುತ್ತದೆ ಎಂಬುದೂ ಸುಳ್ಳು. ಕ್ಯಾರೆಟ್ ತಿನ್ನಿ, ಒಳ್ಳೆಯದೇ, ಆದರೆ ಅದರಿಂದ ಕಣ್ಣು ಗಿಡ್ಡವಾಗುವುದಿಲ್ಲ.

ಜೀನು ಬದಲಿಸಲಾಗದು ಎಂದ ಮೇಲೆ ಮಾಡುವುದೇನು ಎಂದು ಕೈಚೆಲ್ಲಬೇಕಾಗಿಲ್ಲ. ಬೆಳೆಯುವ ವಯಸ್ಸಿನಲ್ಲಿ ನಂಬರು ಓಡುವುದನ್ನು ನಿಧಾನಿಸಬಹುದು. ಸಿಂಗಪುರ ಮತ್ತು ಹಾಂಗ್‌ಕಾಂಗ್‌ನ ಪರೀಕ್ಷೆಗಳ ನಂತರ ಅತಿ ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿಯನ್ನು ರಾತ್ರಿ ಹಾಕುವುದು ನಮ್ಮಲ್ಲೂ ಬಳಕೆಗೆ ಬಂದಿದೆ. ವೈದ್ಯರ ಮಾತಿನ ಮೇಲೆ ಮಾತ್ರ. ಒಂದೇ ಒಂದು ನಂಬರು ಏರದಂತೆ ತಡೆದರೂ ಮುಂದೆ ಮ್ಯಾಕ್ಯುಲಾ ಕೆಡುವ ಅಪಾಯ ನೂರಕ್ಕೆ 40ರಷ್ಟು ಇಳಿಯುತ್ತದೆ ಎಂದು 2019ರಲ್ಲಿ ಇಬ್ಬರು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಮೈನಸ್ 6 ದಾಟಿದವರು ವರ್ಷಕ್ಕೊಮ್ಮೆ ಪಾಪೆ ಅಗಲಿಸಿ ಅಕ್ಷಿಪಟಲ ತೋರಿಸಬೇಕು. ಅಂಗಡಿಯಲ್ಲಿ ನಂಬರು ನೋಡಿಸುವುದು ಇದಕ್ಕೆ ಸಮವಲ್ಲ.

ಇನ್ನು ಕಾಯಬಾರದ ಲಕ್ಷಣಗಳು. ಕಣ್ಣು ಮುಚ್ಚಿದ್ದರೂ ಮೂಲೆಯಲ್ಲಿ ಮಿಂಚು ಹೊಡೆದಂತೆ ಬೆಳಕು. ಇದ್ದಕ್ಕಿದ್ದಂತೆ ಮಸಿ ಚೆಲ್ಲಿದ ಹಾಗೆ, ನೊಣದ ಹಿಂಡು ಹಾರಿದ ಹಾಗೆ ಕಪ್ಪು ಚುಕ್ಕಿಗಳು. ಒಂದು ಬದಿಯಿಂದ ಪರದೆ ಎಳೆದಂತೆ ಕತ್ತಲು. ಬಾಗಿಲ ಚೌಕಟ್ಟು ಸೊಟ್ಟಗೆ ಕಾಣುವುದು. ಇವುಗಳಲ್ಲಿ ಒಂದು ಕಂಡರೂ ಅಂದೇ ಹೊರಡಿ. ಸಂತೆ ಮುಗಿಯಲಿ, ಹಬ್ಬ ಕಳೆಯಲಿ, ಕೊಯ್ಲಾಗಲಿ ಎನ್ನಬೇಡಿ. ನೂರು ವರ್ಷದ ಹಿಂದೆ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ಡಾ. ಜೂಲ್ ಗೊನಾ, ತೂತನ್ನು ಹುಡುಕಿ ಮುಚ್ಚಿದರೆ ಕಳಚಿದ ಅಕ್ಷಿಪಟಲ ಮತ್ತೆ ಕೂರುತ್ತದೆ ಎಂದು ತೋರಿಸುವವರೆಗೆ ಇದಕ್ಕೆ ಮದ್ದೇ ಇರಲಿಲ್ಲ. ಈಗ ಇದೆ. ನಡುಭಾಗ ಕಳಚುವ ಮೊದಲು ಬಂದರೆ ಓದುವ ದೃಷ್ಟಿ ಉಳಿಸಬಹುದು. ಕಳಚಿದ ಮೇಲೆ ಬಂದರೆ ಪರದೆ ಕೂರಿಸಬಹುದು, ದೃಷ್ಟಿ ಪೂರ್ತಿ ಬರುತ್ತದೆಂಬ ಭರವಸೆ ಕೊಡಲಾಗುವುದಿಲ್ಲ. ಒಂದು ಕಣ್ಣು ಚೆನ್ನಾಗಿದ್ದರೆ ಇನ್ನೊಂದು ಹೋದದ್ದೂ ಗೊತ್ತಾಗುವುದಿಲ್ಲ, ಆದ್ದರಿಂದ ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ಕ್ಯಾಲೆಂಡರ್ ನೋಡಿ.

ನನ್ನ ಸಮಯ ಮುಗಿಯಿತೆಂದು ನಿರೂಪಕರು ಚೀಟಿ ಕೊಟ್ಟಿದ್ದಾರೆ. ಊಟದ ನಂತರ ಎಂಟನೆಯ ತರಗತಿ ‘ಬಿ’ ವಿಭಾಗದ ಕೊಠಡಿಯಲ್ಲಿ ನಾನೂ ನನ್ನ ಇಬ್ಬರು ಸಹೋದ್ಯೋಗಿಗಳೂ ಇರುತ್ತೇವೆ. ಮೈನಸ್ 6ಕ್ಕಿಂತ ಹೆಚ್ಚು ನಂಬರಿನವರು, ಅವರ ಅಣ್ಣತಮ್ಮ ಅಕ್ಕತಂಗಿಯರು, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಕಣ್ಣು ಹೋದವರಿರುವವರು ಬನ್ನಿ. ಹಳೆಯ ಕನ್ನಡಕಗಳಿದ್ದರೆ ಎಲ್ಲವನ್ನೂ ತನ್ನಿ, ನಂಬರು ಹೇಗೆ ಏರಿತು ಎಂದು ಅವೇ ಹೇಳುತ್ತವೆ. ಹೆಸರು ಬರೆಸಲು ಇಷ್ಟವಿಲ್ಲದಿದ್ದರೆ ಬರೆಸಬೇಡಿ. ಪಾಪೆ ಅಗಲಿಸುವ ಹನಿ ಹಾಕಿದ ಮೇಲೆ ನಾಲ್ಕೈದು ಗಂಟೆ ಮಂಜಾಗಿ ಕಾಣುತ್ತದೆ, ಬಿಸಿಲು ಚುಚ್ಚುತ್ತದೆ. ಆದ್ದರಿಂದ ಬೈಕಿನಲ್ಲಿ ಬಂದವರು ಹಿಂದೆ ಕೂತು ಹೋಗಲು ಯಾರನ್ನಾದರೂ ಈಗಲೇ ಗೊತ್ತುಮಾಡಿಕೊಳ್ಳಿ.